ಒಂದು ನಿಮಿಷದ ಶೂರ

ಕನ್ನಡಕದಂಗಡಿಯ ಮಿಂಚಪ್ಪ ಚದುರಂಗದಲ್ಲಿ ಕಂಪ್ಯೂಟರನ್ನು ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಸೋಲಿಸಿದ್ದ. ಇದು ಸುಳ್ಳಲ್ಲ. ಸುಳ್ಳಾಗಿದ್ದರೆ ಕ್ಷಮಿಸಿಬಿಡಬಹುದಿತ್ತು. ಬಡಾಯಿ ಕೊಚ್ಚುವವನಿಗೆ ತಾನು ಕೊಚ್ಚುತ್ತಿರುವುದು ಬಡಾಯಿ ಎಂಬುದಾದರೂ ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ. ಗೆಲುವಿನ ಸಂಖ್ಯೆ ಫೋನಿನ ಮೇಲೆ ದಪ್ಪ ಅಕ್ಷರದಲ್ಲಿತ್ತು. ಕೇಳಿದವರಿಗೂ ತೋರಿಸುತ್ತಿದ್ದ, ಕೇಳದವರಿಗೆ ಇನ್ನೂ ಹತ್ತಿರ ಹಿಡಿದು ತೋರಿಸುತ್ತಿದ್ದ.

ಅವನು ಗೆಲ್ಲುತ್ತಿದ್ದ ಬಗೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಿಗೂ ಭ್ರಮೆ ಉಳಿಯಬಾರದು. ಆಟದಲ್ಲಿ ಇಬ್ಬರಿಗೂ ತಲಾ ಒಂದು ನಿಮಿಷ. ಎಲ್ಲ ನಡೆಗಳನ್ನೂ ಆ ಅರವತ್ತು ಸೆಕೆಂಡಿನೊಳಗೆ ಆಡಿ ಮುಗಿಸಬೇಕು. ಯಾರ ಗಡಿಯಾರ ಮೊದಲು ಸೊನ್ನೆಗೆ ಬರುತ್ತದೋ ಅವರು ಸೋತ ಹಾಗೆ, ಮಣೆಯ ಮೇಲೆ ಅವರೇ ಗೆಲ್ಲುವಂತಿದ್ದರೂ ಸರಿ. ಮಿಂಚಪ್ಪ ಮೊದಲ ಹತ್ತು ಹನ್ನೆರಡು ನಡೆಗಳಲ್ಲಿ ತನ್ನ ಕಾಲಾಳುಗಳನ್ನು ಎದುರಿನ ಕಾಲಾಳುಗಳಿಗೆ ಮೂಗಿಗೆ ಮೂಗು ತಾಗಿಸಿ ನಿಲ್ಲಿಸಿ ಮಣೆಗೆ ಅಡ್ಡವಾಗಿ ಒಂದು ಗೋಡೆ ಕಟ್ಟುತ್ತಿದ್ದ. ಆಮೇಲೆ ಗೋಡೆಯ ಹಿಂದೆ ಬೆಚ್ಚಗೆ ಕೂತು ಆನೆಯನ್ನು ಒಂದು ಮನೆ ಆಚೆ, ಒಂದು ಮನೆ ಈಚೆ ಸರಿಸುತ್ತಿದ್ದ. ಆಚೆ, ಈಚೆ. ಬೇರೇನೂ ಇಲ್ಲ. ಆ ಕಡೆಯ ಪ್ರೋಗ್ರಾಮಿಗೋ ತಾನೇ ಮೇಲು ಎಂಬ ಲೆಕ್ಕ, ಆಟ ಸಮವಾಗಿ ಮುಗಿಯುವುದಕ್ಕೆ ಅದು ಒಪ್ಪುತ್ತಿರಲಿಲ್ಲ. ಪ್ರತಿ ನಡೆಗೂ ಅರ್ಧ ಸೆಕೆಂಡು ಯೋಚಿಸಿ, ಗೋಡೆಯಲ್ಲಿ ಎಲ್ಲಾದರೂ ಸಂದಿ ಸಿಕ್ಕೀತೇ ಎಂದು ಹುಡುಕುತ್ತಾ ಹುಡುಕುತ್ತಾ ತನ್ನ ನಿಮಿಷವನ್ನು ಕಳೆದುಕೊಳ್ಳುತ್ತಿತ್ತು. ಮಿಂಚಪ್ಪ ಯೋಚಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಎದುರಿನವರು ಆಡುವ ಮೊದಲೇ ನಮ್ಮ ನಡೆಯನ್ನು ಒತ್ತಿಟ್ಟುಕೊಳ್ಳುವ ಸೌಲಭ್ಯ ಆ ಆಟದಲ್ಲಿದೆ. ಅವರದು ಬಿದ್ದ ಕೂಡಲೇ ನಮ್ಮದು ತಾನಾಗಿ ಬೀಳುತ್ತದೆ, ಸಮಯ ಖರ್ಚಾಗುವುದಿಲ್ಲ. ಇವನು ಅದಕ್ಕೆ ಮುಂಗಡ ನಡೆ ಎಂದು ಹೆಸರಿಟ್ಟಿದ್ದ. ಎದುರಿನವರು ಏನು ಮಾಡಿದರು ಎಂದು ನೋಡದೆಯೇ ಉತ್ತರ ಕೊಡುವ ಈ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಅಂದರೆ ಅವನು ಸೋಲಿಸುತ್ತಿದ್ದದ್ದು ಗಡಿಯಾರವನ್ನು. ಆದರೆ ಬೀದಿಗೆ ಅದೆಲ್ಲ ಯಾಕೆ? ಟೀ ಅಂಗಡಿಯಲ್ಲಿ ಟಯರಿನವನು, ಕ್ಷೌರಿಕ, ಅಂಚೆಯವನು ಸುತ್ತ ನಿಂತು ನೋಡುತ್ತಿದ್ದರು. ಕುದುರೆ ಹಾರುತ್ತದೆ ಎಂಬುದೊಂದನ್ನು ಬಿಟ್ಟರೆ ಅವರಿಗೆ ಚದುರಂಗದ ಗಂಧಗಾಳಿಯಿಲ್ಲ. ಬೆರಳು ಪಟಪಟ ಓಡುತ್ತದೆ, ಪರದೆಯ ಮೇಲೆ ನೀವು ಗೆದ್ದಿರಿ ಎಂದು ಬರುತ್ತದೆ. ಇನ್ನೇನು ಬೇಕು? ಲೋಕವೆಲ್ಲ ಕಂಪ್ಯೂಟರಿಗೆ ಹೆದರಿ ಸಾಯುತ್ತಿರುವಾಗ ತಮ್ಮ ಬೀದಿಯವನೊಬ್ಬ ಅದಕ್ಕೆ ದಿನಾ ಮಣ್ಣು ಮುಕ್ಕಿಸುತ್ತಾನೆ ಎಂದು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು, ಮಿಂಚಪ್ಪ ಎಂದು ಹೆಸರಿಟ್ಟರು. ಅವನು ಅಟ್ಟದಿಂದ ಮತ್ತೆ ಇಳಿಯಲೇ ಇಲ್ಲ.

ಹೊಟ್ಟೆಪಾಡಿಗೆ ಅವನದು ಕಣ್ಣು ಪರೀಕ್ಷೆಯ ಕೆಲಸ. ಎರಡು ವರ್ಷ ಓದಿ ಸರ್ಟಿಫಿಕೇಟು ತೆಗೆದುಕೊಂಡಿದ್ದ. ಅಂಗಡಿಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಉದ್ದ ಕೋಣೆ, ಈ ತುದಿಯಲ್ಲಿ ಎತ್ತರದ ಕುರ್ಚಿ, ಆ ತುದಿಯಲ್ಲಿ ಬೆಳಕು ಹಾಕಿದ ಅಕ್ಷರದ ಪಟ. ಬಂದವರು ಮೊದಲು ಯಂತ್ರದಲ್ಲಿ ಗದ್ದ ಊರಿ ನೋಡುತ್ತಾರೆ, ಅದು ಅಂದಾಜಿನ ನಂಬರಿನ ಚೀಟಿ ಕೊಡುತ್ತದೆ. ಅಲ್ಲಿಂದ ಮುಂದಿನದು ಮನುಷ್ಯನ ಕೆಲಸ. ಗಾಜು ಬದಲಿಸುತ್ತಾ, ಮೊದಲನೆಯದು ಚೆನ್ನಾಗಿದೆಯೋ ಎರಡನೆಯದೋ ಎಂದು ಕೇಳುತ್ತಾ, ಅವರು ಹೇಳುವವರೆಗೆ ಕಾಯುತ್ತಾ ಸರಿಯಾದ ನಂಬರಿಗೆ ಬಂದು ಮುಟ್ಟಬೇಕು. ಮಿಂಚಪ್ಪನಿಗೆ ಕಾಯುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಕೂತವರು ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ಗಾಜು ಬಿದ್ದಿರುತ್ತಿತ್ತು. ಕನ್ನಡಕ ಹೊಂದುತ್ತಿಲ್ಲ ಎಂದು ಯಾರಾದರೂ ವಾಪಸು ಬಂದರೆ, ನಿಮಗೆ ಸರಿಯಾಗಿ ನೋಡೋದಕ್ಕೇ ಬರಲ್ಲ ಎಂದು ಅವರನ್ನೇ ದಬಾಯಿಸುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇವನು ನೋಡುವವರ ಕಣ್ಣೇ ಡೊಂಕು ಎನ್ನುತ್ತಿದ್ದ. ಬೇರೆಯವರು ಇಬ್ಬರನ್ನು ನೋಡುವ ಹೊತ್ತಿಗೆ ಇವನು ಎಂಟು ಜನರನ್ನು ಎಬ್ಬಿಸಿ ಕಳಿಸುತ್ತಿದ್ದರಿಂದ ಅಂಗಡಿಯ ಯಜಮಾನರು ಕಂಡೂ ಕಾಣದಂತಿದ್ದರು.

ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ಈ ಆಟ ಹಿಡಿದು ಆರು. ಮನೆಯಲ್ಲೂ ಅವನದು ಮುಂಗಡ ನಡೆಯೇ. ಹೆಂಡತಿ ಹೇಳಬಹುದಾದ ಮಾತುಗಳಿಗೆಲ್ಲ ಆಯ್ತು, ಒಳ್ಳೇದು, ನಾಳೆ ನೋಡೋಣ ಎಂಬ ಮೂರು ಉತ್ತರಗಳು ಸಾಕು ಎಂದು ಲೆಕ್ಕ ಹಾಕಿಕೊಂಡಿದ್ದ. ಅವಳು ರೀ ಎನ್ನುವುದೇ ತಡ, ಮೂರರಲ್ಲೊಂದು ಬಂದು ಬೀಳುತ್ತಿತ್ತು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ತೀರಿಕೊಂಡ ದಿನ ಅವಳು ಬಾಗಿಲಲ್ಲಿ ನಿಂತು, ಚಿಕ್ಕಮ್ಮ ಹೋಗಿಬಿಟ್ಟರಂತೆ ರೀ ಎಂದಳು. ಅವನು ಫೋನಿನಿಂದ ಕಣ್ಣೆತ್ತದೆ, ಒಳ್ಳೇದು, ಕೇಳಿದೆ ಅಂತ ಹೇಳು ಎಂದ. ಇದನ್ನು ಅವಳು ಅಕ್ಕನಿಗೆ ಮಾತ್ರ ಹೇಳಿದಳು. ಅಕ್ಕ ಎರಡು ಬೀದಿ ಆಚೆ ಇದ್ದವಳು, ನಾಲಿಗೆಗೆ ಬೇಲಿ ಇಲ್ಲದವಳು. ನಿನ್ನ ಗಂಡ ಹುಟ್ಟಾ ದಡ್ಡ ಕಣೇ, ದಡ್ಡರ ಮೇಲೆ ಬೇಜಾರು ಮಾಡ್ಕೋಬಾರದು ಎಂದು ಸಮಾಧಾನ ಮಾಡಿದಳು. ಆ ಮಾತನ್ನು ತಂಗಿ ಗಟ್ಟಿಯಾಗಿ ಹಿಡಿದುಕೊಂಡಳು. ದಡ್ಡತನಕ್ಕೆ ಮದ್ದಿಲ್ಲ, ಹಾಗಾಗಿ ಸಿಟ್ಟೂ ಬೇಕಾಗುವುದಿಲ್ಲ.

ಅವಳ ಕೆಲಸ ರಫು. ಕೋಟಿಗೆ ಕಿಡಿ ಹಾರಿ ತೂತಾದರೆ, ಪ್ಯಾಂಟು ಮೊಳೆಗೆ ಸಿಕ್ಕಿ ಹರಿದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಕಿತ್ತು, ಸೂಜಿಯಿಂದ ಹಾಸು ಹೊಕ್ಕು ನೇಯ್ದು ತೂತನ್ನು ಇಲ್ಲವಾಗಿಸುವ ಕೆಲಸ. ಉಗುರಿನಷ್ಟು ಅಗಲದ ತೂತಿಗೆ ಒಂದು ಇಡೀ ಮಧ್ಯಾಹ್ನ ಬೇಕು. ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಕಾಣುವುದಿಲ್ಲವಾದ್ದರಿಂದ ಅವಳನ್ನು ಯಾರೂ ಅಟ್ಟಕ್ಕೇರಿಸಿರಲಿಲ್ಲ. ಬಟ್ಟೆ ಕಳಿಸುತ್ತಿದ್ದ ಲಾಂಡ್ರಿಯವನಿಗೆ ಮಾತ್ರ ಅವಳ ಬೆಲೆ ಗೊತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವಳು ಮುಚ್ಚಿದ ಒಂದು ತೂತನ್ನೂ ಗಿರಾಕಿಗಳಿಗೆ ಹುಡುಕಲಾಗಿಲ್ಲ ಎಂದು ಅವನು ಹೇಳುತ್ತಿದ್ದ.

ಆ ವರ್ಷ ಮೊದಲ ಸಲ ಒಬ್ಬ ಗಿರಾಕಿ ಹುಡುಕಿದ. ನೀಲಿ ಕಪ್ಪು ಗೆರೆಯ ಕೋಟು. ನೀಲಿ ಎಳೆ ಬರಬೇಕಾದ ಕಡೆ ಕಪ್ಪು ಬಂದಿತ್ತು, ಒಂದಲ್ಲ, ಆರು ಎಳೆ. ಲಾಂಡ್ರಿಯವನು ಕೋಟನ್ನು ಅವಳ ಮುಂದೆ ಬಿಚ್ಚಿ ಹಿಡಿದು ಬಹಳ ಸಂಕೋಚದಿಂದ ತೋರಿಸಿದ. ಅವನು ಬೆರಳಿಟ್ಟು ತೋರಿಸಿದ ಮೇಲೂ ಅವಳಿಗೆ ಎರಡೂ ಒಂದೇ ಬಣ್ಣವಾಗಿ ಕಂಡಿತು. ಕೆಲವು ತಿಂಗಳಿಂದ, ಸೂಜಿ ಕೆಲಸಕ್ಕೆಲ್ಲ ತಾನು ನೆಚ್ಚಿದ್ದ ಎಡಗಣ್ಣಿಗೆ ಎಲ್ಲವೂ ಮಾಸಿದ ಹಾಗೆ ಕಾಣುತ್ತಿದ್ದುದನ್ನು ಅವಳು ದೀಪದ ಮೇಲೆ, ಮೋಡದ ಮೇಲೆ ಹಾಕಿಕೊಂಡು ಬಂದಿದ್ದಳು. ಇನ್ನು ಹಾಕುವಂತಿರಲಿಲ್ಲ.

"ಅಕ್ಕಾ, ಕಣ್ಣು ತೋರಿಸ್ಕೊಳ್ಳಿ. ಅಲ್ಲೀವರೆಗೆ ಗುಂಡಿ ಕೆಲಸ ಕಳಿಸ್ತೀನಿ," ಎಂದ ಲಾಂಡ್ರಿಯವನು. "ಕಣ್ಣು ಸರಿಹೋದ ದಿನ ಕೋಟು ನಿಮಗೇ. ಸರಿಹೋಗದಿದ್ರೆ ನಾನು ಬೇರೆಯವರನ್ನ ನೋಡ್ಬೇಕಾಗತ್ತೆ. ತಪ್ಪು ತಿಳ್ಕೋಬೇಡಿ."

ಅವಳು ತಪ್ಪು ತಿಳಿದುಕೊಳ್ಳಲಿಲ್ಲ. ಆದರೆ ಕೋಟು ನೇಯ್ದ ಕೈಗೆ ಗುಂಡಿಯ ಪೊಟ್ಟಣ ಬಂದಿತ್ತು. ಅವಳಿಗೆ ಮಕ್ಕಳಿಲ್ಲ, ಹಾಡು ಹಸೆ ಏನೂ ಬಾರದು, ತನ್ನದು ಎಂದು ಹೇಳಿಕೊಳ್ಳಲು ಈ ಸೂಜಿಯೊಂದೇ ಇತ್ತು. ಈಗ ಅದೂ ಕೈಬಿಡುವ ಹಾಗೆ ಕಾಣುತ್ತಿತ್ತು.

ಕಣ್ಣು ನೋಡುವವನ ಹೆಂಡತಿಗೆ ಕಣ್ಣು ಕಾಣದಾಗಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅವಳು ಗಂಡನಿಗೆ ಹೇಳಿದಳು. ನಾಳೆ ನೋಡೋಣ ಎಂದ. ಏಳು ವಾರ ನಾಳೆ ನೋಡೋಣ ಎಂದ. ಕೊನೆಗೆ ಅವಳೇ ಒಂದು ದಿನ ಮಧ್ಯಾಹ್ನ ಅಂಗಡಿಗೆ ಹೋಗಿ, ಬೇರೆ ಗಿರಾಕಿಗಳ ಸಾಲಿನಲ್ಲಿ ಕೂತು, ತನ್ನ ಸರದಿ ಬಂದಾಗ ಎತ್ತರದ ಕುರ್ಚಿ ಹತ್ತಿದಳು. ಅವನಿಗೆ ಕಸಿವಿಸಿಯಾಯಿತು. ಒಂದು ಆಟ ಅರ್ಧಕ್ಕೆ ನಿಂತಿತ್ತು. ಮೊದಲನೇದಾ ಎರಡನೇದಾ ಎಂದು ಕೇಳಿದ. ಅವಳು ರಫು ಮಾಡುವವಳು, ಎರಡು ಎಳೆಯ ನಡುವಿನ ವ್ಯತ್ಯಾಸ ನೋಡಿ ನೋಡಿ ಹೇಳುವವಳು. ಪಟದ ಕೊನೆಯ ಸಾಲನ್ನು ಎರಡು ಸಲ ಓದಿಕೊಂಡು ಬಾಯಿ ತೆರೆದಳು. ಅಷ್ಟರಲ್ಲಿ ಗಾಜು ಬದಲಾಗಿತ್ತು. ಈಗ? ಎಂದ. ಅವಳು ಯಾವುದಕ್ಕೆ ಉತ್ತರ ಹೇಳಬೇಕೆಂದು ತಿಳಿಯದೆ ಹೂಂ ಎಂದಳು. ನಾಲ್ಕು ನಿಮಿಷದಲ್ಲಿ ಕೆಳಗಿಳಿಸಿದ.

ಆ ಕನ್ನಡಕ ಹಾಕಿಕೊಂಡರೆ ಮೆಟ್ಟಿಲು ಮೇಲಕ್ಕೆ ಬರುತ್ತಿತ್ತು, ತಲೆ ಸಿಡಿಯುತ್ತಿತ್ತು. ನೀಲಿ ಕಪ್ಪಾಗಿಯೇ ಇತ್ತು. ಹಾಕ್ಕೊಂಡೇ ಇರು, ಅಭ್ಯಾಸ ಆಗತ್ತೆ ಎಂದ ಗಂಡ. ಮೂರು ವಾರ ಹಾಕಿಕೊಂಡೇ ಇದ್ದಳು, ತನಗೇ ಸರಿಯಾಗಿ ಹೇಳಲು ಬರಲಿಲ್ಲವೇನೋ ಎಂದು ತನ್ನನ್ನೇ ಬೈದುಕೊಂಡಳು. ನೋಡಲಾರದೆ ಅಕ್ಕ ಅವಳ ಕೈ ಹಿಡಿದು ಎಳೆದುಕೊಂಡು ಕಣ್ಣಾಸ್ಪತ್ರೆಗೆ ಹೋದಳು.

ಅಲ್ಲಿ ಪರೀಕ್ಷೆ ಮಾಡಿದವಳು ನರೆತ ಕೂದಲಿನ ಒಬ್ಬ ಹೆಂಗಸು. ಗಾಜು ಹಾಕಿ ಕೇಳಿದಳು, ಕೇಳಿ ಕೈ ಕಟ್ಟಿಕೊಂಡು ಸುಮ್ಮನೆ ನಿಂತಳು. ಇವಳು ಅವಸರವಾಗಿ ಏನೋ ಹೇಳಲು ಹೋದಾಗ ತಡೆದಳು.

"ನಿಧಾನಮ್ಮಾ. ನೀನು ಹೇಳೋವರೆಗೂ ನಾನು ಇಲ್ಲೇ ಇರ್ತೀನಿ."

ಇಷ್ಟೇ ಮಾತಿಗೆ ಇವಳ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು, ಅದಕ್ಕೂ ಆ ಹೆಂಗಸು ಬೇಸರಪಡಲಿಲ್ಲ. ಕೊನೆಗೆ ಡಾಕ್ಟರು ನೋಡಿ ಹೇಳಿದರು: ಎಡಗಣ್ಣಿಗೆ ಪೊರೆ ಬಂದಿದೆ. ಪೊರೆಗೆ ಯಾವ ನಂಬರಿನ ಗಾಜೂ ಕೆಲಸ ಮಾಡುವುದಿಲ್ಲ. ಸಣ್ಣ ಆಪರೇಷನ್ನು, ಅದೇ ದಿನ ಮನೆಗೆ ಹೋಗಬಹುದು, ಎರಡು ತಿಂಗಳಲ್ಲಿ ಸೂಜಿಗೆ ದಾರ ತಾನೇ ಹಾಕಬಹುದು. ತಿಂಗಳುಗಟ್ಟಲೆ ಎದುರಿಗೇ ಇದ್ದ ಪೊರೆಯನ್ನು ಕಣ್ಣು ನೋಡಿ ಬದುಕುವ ಗಂಡ ನೋಡಿರಲಿಲ್ಲ. ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಮನೆಯವರೊಬ್ಬರು ಜೊತೆಗಿರಲಿ ಎಂದರು ಡಾಕ್ಟರು.

ಸೋಮವಾರ ಸಂಜೆ ಅವಳು ಗಂಡನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಹಾಗೆ ಕೂತು ಮಾತಾಡುವ ಅಭ್ಯಾಸ ಆ ಮನೆಯಲ್ಲಿರಲಿಲ್ಲ. ಎಡಗಣ್ಣಿಗೆ ಪೊರೆ ಬಂದಿರುವುದನ್ನು, ಗುರುವಾರದ ಆಪರೇಷನ್ನನ್ನು, ಜೊತೆಗೆ ಬರಬೇಕಾಗಿರುವುದನ್ನು, ತನಗೆ ಹೆದರಿಕೆಯಾಗುತ್ತಿರುವುದನ್ನು ಒಂದೊಂದಾಗಿ ಹೇಳಿದಳು. ಅವನ ಬೆರಳು ಆನೆಯನ್ನು ಆಚೆ ಈಚೆ ಸರಿಸುತ್ತಿತ್ತು. ಆಯ್ತು ಎಂದ. ಒಂದು ಉಸಿರು ಬಿಟ್ಟು, ಆಯ್ತು ಆಯ್ತು ಎಂದ. ಎರಡು ಸಲ ಹೇಳಿದ್ದರಿಂದ ಕೇಳಿಸಿಕೊಂಡಿದ್ದಾನೆ ಎಂದು ಅವಳು ನಂಬಿದಳು.

ಅದೇ ಗುರುವಾರ ಅಂಗಡಿಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಜನ ಸೇರಿಸಲು ಯಜಮಾನರಿಗೆ ಒಂದು ಉಪಾಯ ಹೊಳೆದಿತ್ತು: ಅಂಗಡಿಯ ಮುಂದೆ ದೊಡ್ಡ ಪರದೆ, ಅದರಲ್ಲಿ ಮನುಷ್ಯ ಮತ್ತು ಯಂತ್ರದ ಪಂದ್ಯ, ಎಲ್ಲರ ಎದುರಿಗೆ. ಮಿಂಚಪ್ಪನಿಗೆ ಹಾಲು ಕುಡಿದಷ್ಟು ಸಂತೋಷ. ಪರದೆ ಜೋಡಿಸಲು ಕಂಪ್ಯೂಟರ್ ಅಂಗಡಿಯವಳೊಬ್ಬಳು ಬಂದಳು. ಕೇಬಲ್ಲು ಸಿಕ್ಕಿಸಿ ನೋಡಿ, ದೊಡ್ಡ ಪರದೆಗೆ ನಡೆ ತಲುಪುವುದು ಸ್ವಲ್ಪ ತಡವಾಗುತ್ತಿದೆ, ಹೀಗಾದರೆ ಗಡಿಯಾರದ ಲೆಕ್ಕ ತಪ್ಪುತ್ತದೆ, ಅದಕ್ಕೆ ಇಬ್ಬರಿಗೂ ಪ್ರತಿ ನಡೆಗೆ ಎರಡೆರಡು ಸೆಕೆಂಡು ಸೇರುವ ಹಾಗೆ ಇಡುತ್ತೇನೆ, ನಡೆಯುತ್ತಾ ಎಂದು ಅವನನ್ನು ಕೇಳಿದಳು. ಚದುರಂಗದ ಗಂಧವಿದ್ದ ಯಾರೇ ಆದರೂ ಅಲ್ಲಿ ಎದ್ದು ನಿಲ್ಲುತ್ತಿದ್ದರು. ಒಂದೊಂದು ನಡೆಗೆ ಎರಡು ಸೆಕೆಂಡು ಸೇರಿದರೆ ಅರ್ಧ ಸೆಕೆಂಡು ಯೋಚಿಸುವ ಯಂತ್ರದ ಗಡಿಯಾರ ಇಳಿಯುವುದಿಲ್ಲ, ಏರುತ್ತದೆ. ಗೋಡೆಯ ಹಿಂದೆ ಕೂತು ಕಾಲ ತಳ್ಳುವವನಿಗೆ ಅಲ್ಲಿಗೆ ಕಥೆ ಮುಗಿಯಿತು. ಮಿಂಚಪ್ಪ ಅವಳು ವಾಕ್ಯ ಮುಗಿಸುವ ಮೊದಲೇ ಆಯ್ತು ಎಂದಿದ್ದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ. ಅವಳು ತನ್ನ ಜೊತೆಗೇ ಹೊರಟಿದ್ದಾನೆ ಎಂದುಕೊಂಡು ಚೀಲ ತೆಗೆದುಕೊಂಡು ಹೊರಗೆ ಬಂದಳು. ಅವನು ಬೀದಿಯ ತಿರುವಿನಲ್ಲಿ ಅಂಗಡಿಯ ಕಡೆಗೆ ತಿರುಗಿದ, ಹಿಂದಕ್ಕೆ ನೋಡಲೂ ಇಲ್ಲ. ಅವಳು ಅಕ್ಕನ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಆಸ್ಪತ್ರೆಯ ಕಾಗದದಲ್ಲಿ ಮನೆಯವರು ಎಂಬ ಕಡೆ ಅಕ್ಕ ಸಹಿ ಮಾಡಿದಳು, ಮಾಡುವಾಗ ಬೈದ ಬೈಗುಳಕ್ಕೆ ನರ್ಸು ತಲೆಯೆತ್ತಿ ನೋಡಿದಳು.

ಸಂಜೆ ನಾಲ್ಕರ ಹೊತ್ತಿಗೆ ಎಡಗಣ್ಣಿಗೆ ಹತ್ತಿ, ಹತ್ತಿಯ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಿಕೊಂಡು ಅಕ್ಕನ ತೋಳು ಹಿಡಿದು ಬರುತ್ತಿದ್ದಾಗ ದಾರಿಗೆ ಅಡ್ಡವಾಗಿ ಜನ. ಪರದೆಯ ಮೇಲೆ ಮಣೆ, ಕೆಳಗೆ ಎತ್ತರದ ಕುರ್ಚಿಯಲ್ಲಿ ಅವಳ ಗಂಡ. ಗೋಡೆ ಕಟ್ಟಿಯಾಗಿತ್ತು. ಆನೆ ಆಚೆ ಈಚೆ ಓಡುತ್ತಿತ್ತು. ಬೀದಿಯವರಿಗೆ ಅದನ್ನು ಅಷ್ಟು ದೊಡ್ಡದಾಗಿ ನೋಡಿ ಗೊತ್ತಿರಲಿಲ್ಲ. ಫೋನಿನಲ್ಲಿ ಬೆರಳ ಓಟ ಮಾತ್ರ ಕಾಣುತ್ತಿತ್ತು. ಇಲ್ಲಿ ಗೋಡೆಯಷ್ಟು ಅಗಲದ ಮಣೆಯ ಮೇಲೆ ಒಂದು ಆನೆ ಮಾತ್ರ ಅಲ್ಲೇ ಅಲ್ಲೇ ಅಲೆದಾಡುತ್ತಿತ್ತು. ಅಂಚೆಯವನು, ಅದೇನು ಒಂದನ್ನೇ ಆಡ್ತಾ ಇದ್ದಾನಲ್ಲ ಎಂದು ಟಯರಿನವನನ್ನು ಕೇಳಿದ. ಯಂತ್ರದ ಗಡಿಯಾರ ಎರಡು ನಿಮಿಷ ತೋರಿಸಿತು, ಆಮೇಲೆ ಮೂರು. ಮಿಂಚಪ್ಪನ ಹಣೆಯಲ್ಲಿ ಬೆವರು ಕಂಡಿತು. ಅವನಿಗೆ ಬೇರೆ ಆಟವೇ ಬರುತ್ತಿರಲಿಲ್ಲ.

ಯಂತ್ರ ತನ್ನ ಕುದುರೆಯೊಂದನ್ನು ಬೇಕೆಂದೇ ಬಲಿಕೊಟ್ಟು ಗೋಡೆಯ ಒಂದು ಕಾಲಾಳನ್ನು ಕಿತ್ತಿತು. ಆ ಸಂದಿಯಲ್ಲಿ ಅದರ ಮಂತ್ರಿ ಒಳಗೆ ಬಂದಿತು. ಮಿಂಚಪ್ಪ ನೋಡಲಿಲ್ಲ, ನೋಡುವ ಮೊದಲೇ ಅವನ ಮುಂಗಡ ನಡೆ ಬಿದ್ದಿತ್ತು: ಆನೆ, ಒಂದು ಮನೆ ಈಚೆ. ಜನ ನಕ್ಕರು. ನಗು ಕೇಳಿ ಅವನು ತಲೆಯೆತ್ತಿದ, ತಲೆಯೆತ್ತಿದಾಗ ಎದುರಿಗೆ ಹೆಂಡತಿ ಕಂಡಳು.

"ಇದೇನೇ, ಕಣ್ಣಿಗೆ ಏನಾಯ್ತು?" ಎಂದ.

ಎಲ್ಲರಿಗೂ ಕೇಳಿಸಿತು. ಹತ್ತೊಂಬತ್ತು ವರ್ಷದಲ್ಲಿ ಅವನು ಕೇಳಿದ ಮೇಲೆ ಉತ್ತರಕ್ಕೆ ಕಾದದ್ದು ಅದೊಂದು ಸಲವೇ ಇರಬೇಕು.

"ಪೊರೆ ತೆಗೆಸಿದೆ. ಸೋಮವಾರ ಹೇಳಿದ್ದೆ. ನೀವು ಆಯ್ತು ಅಂದಿದ್ರಿ."

ಅವಳು ದನಿ ಎತ್ತಲಿಲ್ಲ, ವರದಿ ಒಪ್ಪಿಸಿದ ಹಾಗೆ ಹೇಳಿದಳು. ಇಪ್ಪತ್ತೈದು ವರ್ಷದಿಂದ ಕಣ್ಣಿನ ವ್ಯಾಪಾರ ಮಾಡುತ್ತಿದ್ದ ಅಂಗಡಿಯ ಎದುರಿಗೆ, ಆ ಅಂಗಡಿಯ ಕಣ್ಣು ಪರೀಕ್ಷಕನ ಹೆಂಡತಿ ಪೊರೆ ತೆಗೆಸಿಕೊಂಡು ನಿಂತಿದ್ದಳು, ಅವನಿಗೆ ಅದು ಗೊತ್ತಿರಲಿಲ್ಲ. ಯಜಮಾನರು ಕರವಸ್ತ್ರದಿಂದ ಮುಖ ಒರೆಸಿಕೊಳ್ಳಲು ಶುರುಮಾಡಿದವರು ಬಹಳ ಹೊತ್ತು ಒರೆಸಿಕೊಂಡರು. ಮಿಂಚಪ್ಪ ಹೆಂಡತಿಯನ್ನು ನೋಡಿದ, ಗಡಿಯಾರವನ್ನು ನೋಡಿದ. ಆಮೇಲೆ ನಡೆ ಆಡಿದ. ಅಕ್ಕ ನೆಲಕ್ಕೆ ಉಗಿದು ತಂಗಿಯನ್ನು ಕರೆದುಕೊಂಡು ಹೋದಳು. ಅಲ್ಲಿಂದ ಹತ್ತು ನಡೆಗಳಲ್ಲಿ ಅವನ ರಾಜ ಸತ್ತನೆಂದು ಆಮೇಲೆ ತಿಳಿಯಿತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎರಡು ಸೆಕೆಂಡು ಸೇರಿಸಿ ಮೋಸ ಮಾಡಿದರು, ಅದು ನಿಜವಾದ ಆಟವೇ ಅಲ್ಲ ಎಂದು ವಾರವಿಡೀ ಟೀ ಅಂಗಡಿಯಲ್ಲಿ ವಾದಿಸಿದ. ಹೆಂಡತಿಯ ಕಣ್ಣಿಗೆ ಹನಿ ಹಾಕಲು ಅಕ್ಕ ದಿನಕ್ಕೆ ನಾಲ್ಕು ಸಲ ಬಂದು ಹೋಗುತ್ತಿದ್ದಳು. ಒಂದು ದಿನ ಮಾತ್ರ ಅವನು, ನಾನು ಹಾಕಲಾ ಎಂದು ಕೇಳಿದ. ಕೇಳಿ, ಫೋನು ಕುಯ್ಯೆಂದಿತೆಂದು ಅತ್ತ ತಿರುಗಿದ.

ಆರು ವಾರ ಕಳೆದ ಮೇಲೆ ಆಸ್ಪತ್ರೆಯ ಆ ನರೆಗೂದಲಿನ ಹೆಂಗಸು ಕೊನೆಯ ಪರೀಕ್ಷೆ ಮಾಡಿ, ಎರಡೂ ಕಣ್ಣಿನ ನಂಬರು, ಗಾಜನ್ನು ಎಷ್ಟು ಓರೆಯಾಗಿ ಕೂರಿಸಬೇಕೆಂಬ ಡಿಗ್ರಿ ಎಲ್ಲ ಬರೆದ ಚೀಟಿ ಕೊಟ್ಟಳು. ಅದೇ ವಾರ ಅಂಗಡಿಯ ಯಜಮಾನರು ಹೇಳಿಕಳಿಸಿದರು. ಅವಳ ಕನ್ನಡಕವನ್ನು ಅಂಗಡಿಯೇ ಕೊಡುತ್ತದೆ, ಗಂಡನೇ ಪರೀಕ್ಷೆ ಮಾಡಬೇಕು, ಫೋನು ತಮ್ಮ ಮೇಜಿನ ಡ್ರಾಯರಿನಲ್ಲಿರುತ್ತದೆ, ತಾವು ಪಕ್ಕದಲ್ಲೇ ನಿಂತಿರುತ್ತೇವೆ. ಬೀದಿಯಲ್ಲಿ ಹೋದ ಮಾನವನ್ನು ಸ್ವಲ್ಪವಾದರೂ ವಾಪಸು ತರುವ ಆಸೆ ಅವರಿಗೆ. ಅಕ್ಕ, ಹೋಗಬೇಡ, ಚೀಟಿ ಕೈಯಲ್ಲಿದೆಯಲ್ಲ ಎಂದಳು. ತಂಗಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಹೋದಳು.

ಯಾಕೆ ಹೋದಳು ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಅವನು ತಪ್ಪು ನಂಬರು ಬರೆಯಲಿ ಎಂದು ಅವಳು ಆಸೆಪಟ್ಟಿದ್ದಳು. ಫೋನಿಲ್ಲದೆ, ಯಜಮಾನರ ಎದುರಿಗೆ, ಎಷ್ಟು ಹೊತ್ತು ಬೇಕಾದರೂ ತೆಗೆದುಕೊಂಡು ತಪ್ಪು ಬರೆದರೆ ಅಕ್ಕ ಹೇಳಿದ್ದು ನಿಜ, ಅವನು ದಡ್ಡ. ದಡ್ಡನ ಜೊತೆ ಬಾಳಬಹುದು. ಲೋಕದಲ್ಲಿ ಅರ್ಧ ಹೆಂಗಸರು ಅದನ್ನೇ ಮಾಡುತ್ತಿದ್ದಾರೆ, ಕೆಲವರು ಸುಖವಾಗಿಯೂ ಇದ್ದಾರೆ. ಹಾಗಾದರೆ ಅವಳು ಮನೆಗೆ ಹೋಗಿ ಎಂದಿನಂತೆ ಊಟಕ್ಕಿಡುತ್ತಿದ್ದಳು. ಸರಿಯಾದ ನಂಬರು ಬರೆದರೆ ಏನು ಮಾಡಬೇಕು ಎಂಬುದನ್ನೂ ಅವಳು ಯೋಚಿಸಿಟ್ಟುಕೊಂಡಿದ್ದಳು. ಅಕ್ಕನ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿಯಿತ್ತು.

ಅವನು ಗಾಜು ಹಾಕಿದ. ಮೊದಲನೇದಾ, ಎರಡನೇದಾ?

ಅವಳು ನೋಡಿದಳು. ಅವನ ಕೈ ಅಭ್ಯಾಸಬಲದಿಂದ ಮೂರನೆಯ ಗಾಜಿಗೆ ಹೋಯಿತು. ಯಜಮಾನರು ಕೆಮ್ಮಿದರು. ಕೈ ವಾಪಸು ಬಂತು. ಅವಳು ಮತ್ತೂ ನೋಡಿದಳು. ಪಟದ ಕೊನೆಯ ಸಾಲನ್ನು ಅಕ್ಷರ ಅಕ್ಷರವಾಗಿ, ಬಟ್ಟೆಯ ಎಳೆ ಎಣಿಸುವಂತೆ ಓದಿಕೊಂಡು, ಇನ್ನೊಂದು ಸಲ ತೋರಿಸಿ ಎಂದಳು. ತೋರಿಸಿದ. ಮತ್ತೊಂದು ಸಲ ಎಂದಳು. ಅವನ ಬೆರಳು ತೊಡೆಯ ಮೇಲೆ ತಾನಾಗಿ ಆಚೆ ಈಚೆ ಆಡುತ್ತಿದ್ದುದನ್ನು ಅವಳು ಹೊಸ ಕಣ್ಣಿನಲ್ಲಿ ಚೆನ್ನಾಗಿ ನೋಡಿದಳು. ಅವನ ಕಿವಿಯ ಹಿಂದೆ ನರೆತದ್ದನ್ನು, ಅಂಗಿಯ ಕಾಲರಿನ ಕೊಳೆಯನ್ನು ನೋಡಿದಳು. ಅವನನ್ನು ಕಂಡರೆ ಹೇಸಿಗೆಯಾಗುತ್ತಿತ್ತು, ಆ ಹೇಸಿಗೆಯ ನಡುವೆಯೂ ದೇವರೇ ಇವನು ತಪ್ಪಲಿ ಎಂದು ಬೇಡಿಕೊಂಡಳು. ಉತ್ತರಗಳನ್ನು ಮಾತ್ರ ಸರಿಯಾಗಿಯೇ ಹೇಳಿದಳು. ಕೆಲಸದ ವಿಷಯದಲ್ಲಿ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ನಲವತ್ತು ನಿಮಿಷವಾಯಿತು. ಅವನು ಬೆವರು ಒರೆಸಿಕೊಂಡು ನಂಬರು ಬರೆದು ಕೊಟ್ಟ. ಅವಳು ಚೀಲದಿಂದ ಆಸ್ಪತ್ರೆಯ ಚೀಟಿ ತೆಗೆದು ಬಿಚ್ಚಿ, ಎರಡನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದಳು. ಬಲಗಣ್ಣು ಅದೇ. ಎಡಗಣ್ಣು ಅದೇ. ಓರೆಯ ಡಿಗ್ರಿಯವರೆಗೆ ಎಲ್ಲವೂ ಅದೇ. ಅವನಿಗೆ ಎಲ್ಲವೂ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು. ಅವಳಿಗಾಗಿ ನಲವತ್ತು ನಿಮಿಷ ಕೂತಿದ್ದರೆ ಆಗುತ್ತಿತ್ತು.

"ಸರಿಯಾಗಿದ್ಯಾ?" ಎಂದ.

"ಸರಿಯಾಗಿದೆ ರೀ. ಅದೇ ಬೇಜಾರು."

ಸರಿಯಾಗಿದೆ ಎಂಬುದು ಕಿವಿಗೆ ಬೀಳುತ್ತಲೇ ಅವನು ಯಜಮಾನರ ಕಡೆ ತಿರುಗಿ ಫೋನಿಗೆ ಕೈ ಚಾಚಿದ್ದ. ಉಳಿದ ಮಾತನ್ನು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಎರಡೂ ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡು ಕುರ್ಚಿಯಿಂದ ಇಳಿದು, ನೇರವಾಗಿ ಲಾಂಡ್ರಿಗೆ ಹೋದಳು. ಕನ್ನಡಕ ಮುಂದಿನ ವಾರ ಬರುತ್ತದೆ, ಗೆರೆಯ ಕೋಟುಗಳಿದ್ದರೆ ತೆಗೆದಿಡು, ಇನ್ನು ಮೇಲೆ ಬಟ್ಟೆಯನ್ನು ಅಕ್ಕನ ಮನೆಯ ಮಹಡಿಗೆ ಕಳಿಸು ಎಂದು ಹೇಳಿದಳು. ಲಾಂಡ್ರಿಯವನು ಪುಸ್ತಕದಲ್ಲಿ ಹಳೆಯ ವಿಳಾಸಕ್ಕೆ ಗೆರೆ ಎಳೆದು ಹೊಸದನ್ನು ಬರೆದುಕೊಂಡ.